ಮಾವನೆಂದು ಹೇಳಿಕೊಂಡವನು

ಬನಹಟ್ಟಿಯ ಅಂದಾನೆಪ್ಪನ ಕಸುಬು ಏನೆಂದು ಪರಊರಿನವರು ಕೇಳಿದರೆ ಓಣಿಯ ಜನ ಒಂದು ಗಳಿಗೆ ತಡವರಿಸುತ್ತಿದ್ದರು. ನೇಕಾರ ಅನ್ನೋಣವೆಂದರೆ ಅವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅಪ್ಪ ಸತ್ತ ಮೇಲೆ ಆ ಕುಣಿಗೆ ಹಲಗೆ ಹೊದಿಸಿ ಮೇಲೆ ಟ್ರಂಕು ಪೇರಿಸಿಟ್ಟಿದ್ದ, ಪುಣ್ಯಾತ್ಮ. ನಾಟಕದವನು ಅನ್ನೋಣವೆಂದರೆ ಒಂದು ದಿನವೂ ಮುಖಕ್ಕೆ ಬಣ್ಣ ಹಚ್ಚಿದವನಲ್ಲ. ಕಡೆಗೆ ಯಾರೋ ಒಬ್ಬರು, "ಮಂದೀನ ಸಿನೆಮಾಕ್ಕ ಸಾಗಸ್ತಾನ್ರೀ," ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಎತ್ತಿನ ದಲಾಲಿ, ನೂಲಿನ ದಲಾಲಿ ಕಂಡ ಊರಿಗೆ ಮನುಷ್ಯರ ದಲಾಲಿ ಎಂಬುದು ಬಾಯಲ್ಲಿ ಹೇಳಲು ತುಸು ಮುಜುಗರದ ಮಾತಾಗಿತ್ತು.

ಅಂದಾನೆಪ್ಪನಿಗೆ ಈ ಹುಚ್ಚು ಹಿಡಿದದ್ದು ಜಮಖಂಡಿಯಲ್ಲಿ. ಹುಡುಗನಾಗಿದ್ದಾಗ ಅಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಹಾಕಿತ್ತು. ಚಕ್ಕಡಿಯಲ್ಲಿ ಹಲಗೆ ಬಾರಿಸುತ್ತ ಹ್ಯಾಂಡಬಿಲ್ಲು ಹಂಚುವ ಕೆಲಸಕ್ಕೆ ಸೇರಿದ. ಆಮೇಲೆ ಮುಧೋಳ, ಬೀಳಗಿ, ರಬಕವಿ ಎಂದು ಊರೂರಿಗೆ ಮುಂಚಿತವಾಗಿ ಹೋಗಿ ಜಾಗ ಗೊತ್ತುಮಾಡುವವನಾದ. ಮುಂದೆ ತಾನೇ ಕಂತ್ರಾಟು ಹಿಡಿದು ಆಟ ಆಡಿಸತೊಡಗಿದ. ಅವನ ದನಿ ಒಡಕು, ಹಾಡಿದರೆ ನಾಯಿಯೂ ಎದ್ದು ಹೋಗುತ್ತಿತ್ತು. ಆದರೆ ಕಿವಿ ಮಾತ್ರ ಭಲೇ ಕಿವಿ! ಥೇಟರಿನ ಕಡೆಯ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತು, ಯಾವ ನಟ ಮನಸ್ಸಿನಿಂದ ಆಡುತ್ತಿದ್ದಾನೆ, ಯಾವನು ಬಾಯಿಪಾಠ ಒಪ್ಪಿಸುತ್ತಿದ್ದಾನೆ ಎಂದು ಹೇಳಿಬಿಡುತ್ತಿದ್ದ.

ಅಷ್ಟರಲ್ಲಿ ಮಾತಾಡುವ ಚಿತ್ರಗಳು ಬಂದವು. ಸಂತೆ ಬಯಲಿನಲ್ಲಿ ಡೇರೆ ಸಿನೆಮಾ ನಿಂತಿತು, ನಾಟಕದ ಥೇಟರುಗಳು ಭಣಗುಟ್ಟಿದವು. ಕಂಪನಿಯ ಮಂದಿ ತಲೆ ಮೇಲೆ ಕೈ ಹೊತ್ತು ಕೂತರು. ಅಂದಾನೆಪ್ಪ ಕೂಡಲಿಲ್ಲ. ಕುಡಚಿ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿ ಕೊಲ್ಲಾಪುರಕ್ಕೆ ಹೋದ. ಅಲ್ಲಿ ಕನ್ನಡ ಚಿತ್ರಗಳನ್ನೂ ತೆಗೆಯುವ ಒಂದು ಸ್ಟುಡಿಯೋದ ಗೇಟಿನಲ್ಲಿ ಕೂತು, ಒಳಗಿನಿಂದ ಬಂದವರನ್ನೆಲ್ಲ, "ನಿಮಗ ಎಂಥಾ ಮಂದಿ ಬೇಕ್ರಿ?" ಎಂದು ಕೇಳಿದ. ಕಾಡಿಸಿ ಕಾಡಿಸಿ ಕೇಳಿದ. ಒಬ್ಬ ಪುಣ್ಯವಂತ ರೇಗಿ ನಿಜ ಹೇಳಿದ: ನಾಟಕದ ಮಂದಿ ಬರುತ್ತಾರೆ, ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಕೂಗುತ್ತಾರೆ, ಮೈಕಿನವನ ಕಿವಿ ಹರಿದು ಹೋಗಿದೆ. ಮೆಲ್ಲಗೆ ಮಾತಾಡುವವರಿದ್ದರೆ ತಾ.

ಅಷ್ಟೇ ಸಾಕಾಯಿತು ಅವನಿಗೆ. ಊರಿಗೆ ಬಂದವನೇ ಕೆಲಸವಿಲ್ಲದ ನಟರನ್ನು ಹುಡುಕಿ ಹುಡುಕಿ ತಂದು, ಮನೆಯ ಪಡಸಾಲೆಯಲ್ಲಿ ಎದುರಿಗೆ ಕೂಡಿಸಿಕೊಂಡು, ಪಕ್ಕದ ತೊಟ್ಟಿಲಲ್ಲಿ ಕೂಸು ಮಲಗಿದೆ ಎಂದುಕೊಂಡು ಮಾತಾಡಿರಿ ಎಂದು ಕಲಿಸಿದ. ಆ ಮನೆಯಲ್ಲಿ ತೊಟ್ಟಿಲೂ ಇರಲಿಲ್ಲ, ಕೂಸೂ ಇರಲಿಲ್ಲ. ನಾಟಕದ ಬೆನ್ನು ಹತ್ತಿದವನಿಗೆ ಹೆಣ್ಣು ಕೊಡುವವರು ಯಾರು? ಕೇಳುವ ವಯಸ್ಸು ದಾಟಿತು, ಕೇಳಿಸುವ ಹಿರಿಯರು ತೀರಿದರು, ಅವನು ಹಾಗೆಯೇ ಉಳಿದ.

ಮುಧೋಳದ ಪೈಲವಾನ ಅಮಸಿದ್ದಪ್ಪನನ್ನು ರಾಕ್ಷಸನ ಪಾತ್ರಕ್ಕೆ ಒಯ್ದ. ಗಲಗಲಿಯ ಅಕ್ಕವ್ವನನ್ನು ಮುದುಕಿಯ ಪಾತ್ರಗಳಿಗೆ ಒಯ್ದ. ಅವರ ಪರವಾಗಿ ಎಲ್ಲವನ್ನೂ ಇವನೇ ಮಾತಾಡುತ್ತಿದ್ದ. ಇವರಿಗೆ ಜೋಳದ ರೊಟ್ಟಿಯೇ ಬೇಕು, ಅಕ್ಕವ್ವನನ್ನು ಚಳಿಗಾಲದಲ್ಲಿ ನೀರಿಗಿಳಿಸಬೇಡಿ, ಪೈಲವಾನನ ಕೈಯಲ್ಲಿ ಹೆಂಗಸರನ್ನು ಹೊಡೆಸಬೇಡಿ, ಊರಲ್ಲಿ ಅವನ ತಾಯಿ ನೋಡಿದರೆ ಸುಮ್ಮನಿರುವುದಿಲ್ಲ ಎಂದು ಮ್ಯಾನೇಜರನ ತಲೆ ತಿನ್ನುತ್ತಿದ್ದ. ಚಿತ್ರ ತೆಗೆಯುವಾಗ ಸದ್ದಾಗಬಾರದೆಂದು ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಂದಾನೆಪ್ಪ ಮುಚ್ಚಿದ ಬಾಗಿಲ ಹೊರಗೆ ಆ ಚಪ್ಪಲಿಗಳ ಜೊತೆ ಕೂತಿರುತ್ತಿದ್ದ.

ಮೇಲೆ ಬಂದವರು ಅವನನ್ನು ಮರೆತರು. ಹೊಸದೇನೂ ಅಲ್ಲ ಬಿಡಿ. ಅಮಸಿದ್ದಪ್ಪ ಮುಂಬಯಿ ಕಂಪನಿಯೊಂದರ ಜೊತೆ ತಾನೇ ಮಾತಾಡಿಕೊಂಡ. ಒಮ್ಮೆ ಕೊಲ್ಲಾಪುರದ ಬೀದಿಯಲ್ಲಿ ಎದುರಿಗೆ ಸಿಕ್ಕಾಗ ಆ ಬೆಟ್ಟದಂಥ ಮನುಷ್ಯ ಅಂಗಡಿಯ ಕಡೆಗೆ ಮುಖ ತಿರುಗಿಸಿ ನಿಂತುಬಿಟ್ಟ. ಅಕ್ಕವ್ವ ಕಾಯಿಲೆ ಬಿದ್ದು ತೀರಿಹೋದಳು, ಅಂದಾನೆಪ್ಪನಿಗೆ ಗೊತ್ತಾದದ್ದು ಹದಿಮೂರನೆಯ ದಿನದ ಊಟವೆಲ್ಲ ಮುಗಿದ ಮೇಲೆ. ಅಂದು ಅವನು ಖಾನಾವಳಿಯಲ್ಲಿ ಊಟಕ್ಕೆ ಕೂತು, ಎಲೆಯ ಮುಂದೆ ಸುಮ್ಮನೆ ಕೂತೇ ಇದ್ದ. ಖಾನಾವಳಿಯವನು, "ಏನ್ರೀ, ಸಾರು ಸರಿ ಇಲ್ಲೇನು?" ಎಂದು ಕೇಳಿದ. ಅವನಿಗೆ ಆ ದಿನ ಸಿಕ್ಕ ಮಾತು ಅದೊಂದೇ.

ಆಮೇಲೆ ಶೇವಂತಿ ಬಂದಳು.

ಶೇವಂತಿ ಹಿಂದಿನ ಓಣಿಯ ರತ್ನಾಬಾಯಿಯ ಮಗಳು. ಈ ರತ್ನಾಬಾಯಿ ಹುಟ್ಟಿನಿಂದ ರತ್ನವ್ವ. ನಾಟಕದಲ್ಲಿ ರಾಣಿಯ ಪಾತ್ರ ಮಾಡುವಾಗ ಹ್ಯಾಂಡಬಿಲ್ಲಿನವರು ಬಾಯಿ ಸೇರಿಸಿದರು, ಅದೇ ಗಟ್ಟಿಯಾಯಿತು. ಗಂಡ ಸತ್ತು ಕಂಪನಿಯೂ ಮುಳುಗಿದ ಮೇಲೆ ಊರಿಗೆ ಬಂದು ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಮಗಳನ್ನು ಬೆಳೆಸಿದ್ದಳು. ಸಂಬಂಧವೇನೂ ಇರದಿದ್ದರೂ ಅಂದಾನೆಪ್ಪ ಅವಳನ್ನು ಚಿಕ್ಕಂದಿನಿಂದ ರತ್ನಕ್ಕ ಎಂದೇ ಕರೆಯುತ್ತಿದ್ದವನು. ಒಂದು ಮಧ್ಯಾಹ್ನ ಆ ಮನೆಯ ಮುಂದೆ ಹೋಗುತ್ತಿದ್ದಾಗ ಒಳಗೆ ಹುಡುಗಿಯೊಬ್ಬಳು ಕಡಿದುಹೋದ ನೂಲಿನ ಎಳೆಯನ್ನು ಬೈಯುತ್ತಿರುವುದು ಕೇಳಿಸಿತು. ಮೆಲ್ಲಗೆ, ಸಿಟ್ಟಿನಲ್ಲಿ, ನಗೆ ತಡೆದುಕೊಂಡು. ಅಂದಾನೆಪ್ಪ ಬಿಸಿಲಲ್ಲೇ ನಿಂತುಬಿಟ್ಟ. ಅವನು ಇಷ್ಟು ದಿನ ಹುಡುಕಿದ ದನಿ ಕಂಡಿಕೆ ಸುತ್ತುತ್ತ ಕೂತಿತ್ತು.

ತಾಯಿ ಮಗಳಿಬ್ಬರನ್ನೂ ಕೊಲ್ಲಾಪುರಕ್ಕೆ ಕರೆದೊಯ್ದ. ಅಲ್ಲಿ ಬಾಡಿಗೆ ಮನೆ ಸಿಗಬೇಕಲ್ಲ? ಸಿನೆಮಾದವಳೆಂದರೆ ಬಾಗಿಲು ಧಡ್ಡೆಂದು ಮುಚ್ಚುತ್ತಿದ್ದರು. ಸುತ್ತಿ ಸುತ್ತಿ ಕಾಲು ಸೋತ ಮೇಲೆ ಒಬ್ಬ ಮರಾಠಿ ಮುದುಕಿ ಅರ್ಧ ಬಾಗಿಲು ತೆರೆದು, "ಈ ಹುಡುಗಿಗೆ ನೀವು ಏನಾಗಬೇಕು?" ಎಂದು ಕೇಳಿದಳು.

"ಮಾಮಾ," ಎಂದ ಅಂದಾನೆಪ್ಪ. "ಇವಳ ತಾಯಿ ನನ್ನ ಅಕ್ಕ."

ಮುದುಕಿಯ ಮುಖ ಅರಳಿತು. ಅವಳ ಜನರಲ್ಲಿ ಮಾಮಾ ಎಂದರೆ ಎರಡನೆಯ ತಾಯಿ, ಅಲ್ಲಿಗೆ ಮಾತು ಮುಗಿಯಿತು. ಬೀಗದ ಕೈ ಕೊಟ್ಟಳು. ರತ್ನಾಬಾಯಿ ಉಸಿರೆತ್ತಲಿಲ್ಲ. ಶೇವಂತಿ ಮಾತ್ರ ಒಂದು ಸಲ ತಲೆಯೆತ್ತಿ ಅವನನ್ನು ನೋಡಿದಳು, ನೋಡಿ ಹಾಸಿಗೆ ಸುರುಳಿ ಎತ್ತಿಕೊಂಡು ಒಳಗೆ ಹೋದಳು.

ರತ್ನಾಬಾಯಿಗೆ ಆ ಊರಿನ ಥಂಡಿ ಒಗ್ಗಲಿಲ್ಲ, ಉಬ್ಬಸ ಹೆಚ್ಚಾಗಿ ವರ್ಷದೊಳಗೆ ಬನಹಟ್ಟಿಗೆ ಮರಳಿದಳು. ಶೇವಂತಿ ಒಳಗಿನ ಕೋಣೆಯಲ್ಲಿ, ಅಂದಾನೆಪ್ಪ ಹೊರಗಿನ ಪಡಸಾಲೆಯಲ್ಲಿ, ಹೀಗೆ ಐದಾರು ವರ್ಷ ಕಳೆಯಿತು. ಒಂದು ದಿನವೂ ಅವನು ಹೊಸ್ತಿಲು ದಾಟಿದವನಲ್ಲ. ಟಾಂಗಾದಲ್ಲಿ ಅವಳು ಹಿಂದೆ ಕೂತರೆ ಇವನು ಟಾಂಗಾದವನ ಪಕ್ಕ ಕೂಡುತ್ತಿದ್ದ. ತಂಗಿ, ಅತ್ತಿಗೆ, ಗೆಳತಿ, ಎಷ್ಟೋ ಪಾತ್ರಗಳಲ್ಲಿ ಅವಳು ಪರದೆಯ ಮೇಲೆ ಬಂದಳು, ಜನ ಅವಳ ದನಿಯನ್ನು ಗುರುತು ಹಿಡಿಯುವ ಹಾಗಾಯಿತು. ಸಂಜೆ ಅವಳು ರೊಟ್ಟಿ ಬಡಿದು ತಾಟನ್ನು ಹೊಸ್ತಿಲ ಮೇಲೆ ಸರಿಸುತ್ತಿದ್ದಳು. ಅವನು ಈಚೆ ಕೂತು ಉಣ್ಣುತ್ತಿದ್ದ.

"ಇನ್ನೊಂದ ರೊಟ್ಟಿ ಹಾಕ್ಲೇನ್ರಿ, ಮಾವ?"

ಅಷ್ಟು ದೊಡ್ಡ ಲೋಕದಲ್ಲಿ ಅವನಿಗೆ ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುವ ಜೀವ ಅದೊಂದೇ. ಹೊಟ್ಟೆ ತುಂಬಿದ್ದರೂ ಹೂಂ ಎನ್ನುತ್ತಿದ್ದ. ಅವಳೆಂದರೆ ಅವನಿಗೆ ಪ್ರಾಣವಾಗಿತ್ತು. ಅವಳನ್ನು ಮದುವೆಯಾಗಬೇಕು, ಈ ಹೊಸ್ತಿಲ ಆಚೆ ಕೂತು ಉಣ್ಣಬೇಕು ಎಂಬುದೊಂದೇ ಆಸೆ ಅವನೊಳಗೆ ಬೆಳೆದು ನಿಂತಿತ್ತು. ಹೇಳಿದನೇ? ಎಲ್ಲಿಯ ಮಾತು! ಮಂದಿಯ ಪರವಾಗಿ ಗಂಟೆಗಟ್ಟಲೆ ವಾದಿಸುವ ಬಾಯಿಗೆ ತನ್ನ ಸರದಿ ಬಂದಾಗ ಬೀಗ ಬೀಳುತ್ತಿತ್ತು.

ಯುದ್ಧ ಬಂತು. ಅಕ್ಕಿ, ಎಣ್ಣೆಗಳಂತೆ ಫಿಲಮಿಗೂ ರೇಷನ್ ಆಯಿತು, ಚಿತ್ರಗಳು ಕಡಿಮೆಯಾದವು. ಸ್ಟುಡಿಯೋದಲ್ಲಿ ದೀಪ ನೋಡಿಕೊಳ್ಳುವ ಚನಮಲ್ಲ ಎಂಬವನಿದ್ದ, ನಮ್ಮ ಮುಧೋಳ ಸೀಮೆಯ ಲೋಕಾಪುರದವನು. ಸೌಮ್ಯ ಸ್ವಭಾವ, ದುಡಿದು ತಿನ್ನುವ ಹುಡುಗ. ಅವನು ಶೇವಂತಿಯನ್ನು ಮದುವೆಯಾಗುತ್ತೇನೆಂದು ಅವಳಿಗೇ ನೇರವಾಗಿ ಹೇಳಿದ. ನೋಡಿ, ದೀಪ ಹಿಡಿಯುವವನಿಗೆ ಬಂದ ಬಾಯಿ ಈ ಏಜಂಟನಿಗೆ ಬರಲಿಲ್ಲ.

ಊರಿಗೆ ಹೊರಟಿದ್ದಾಗ, ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲು ಉರಿಸಿ ಕುಡಚಿಯಿಂದ ಓಡುವ ಮೋಟಾರಿನಲ್ಲಿ, ಹೊಗೆ ಕುಡಿಯುತ್ತ ಶೇವಂತಿ ಅವನಿಗೆ ಇದನ್ನು ತಿಳಿಸಿದಳು.

"ನೀವೇನಂತೀರಿ, ಮಾವ?"

ಅಂದಾನೆಪ್ಪ ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ, "ನಿಮ್ಮವ್ವನ್ನ ಕೇಳೂಣು," ಎಂದ.

ಅವಳು ಸೆರಗನ್ನು ಮೂಗಿಗೆ ಹಿಡಿದು ಆಚೆ ಕಡೆಗೆ ತಿರುಗಿ ಕೂತಳು.

ಸುಗ್ಗಿ ಮುಗಿದ ಮೇಲೆ ಚನಮಲ್ಲನ ತಂದೆ ಬಸಗೊಂಡಪ್ಪ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಬನಹಟ್ಟಿಗೆ ಬಂದ. ರತ್ನಾಬಾಯಿಯ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಅಂದಾನೆಪ್ಪನಿಗೆ ಗೋಡೆಗೆ ಒರಗುವ ಜಾಗ ಬಿಟ್ಟುಕೊಟ್ಟರು. ಬಸಗೊಂಡಪ್ಪ ಒರಟು ಕೈಯ ಒಕ್ಕಲಿಗ, ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ. ಚಹಾ ಕುಡಿದು ಮೀಸೆ ಒರೆಸಿಕೊಂಡು ಮಾತು ತೆಗೆದ.

"ಖರೆ ಹೇಳ್ತೇನ್ರಿ. ಸಿನೆಮಾದ ಹುಡುಗಿ ಅಂದಾಗ ನಮ್ಮ ಮನ್ಯಾಗ ಯಾರೂ ಒಪ್ಪಲಿಲ್ಲ. ಪರಸ್ಥಳದಾಗ ಇಷ್ಟ ವರ್ಷ ಯಾರ ಜೋಡಿ ಇದ್ದಳು ಅಂತ ನಾನ ಕೇಳಿದೆ. ಸ್ವಾದರಮಾವನ ಜೋಡಿ ಅಂದ ನಮ್ಮ ಹುಡುಗ. ಹಂಗಾದ್ರ ಆತು, ಹೆಣ್ಣು ಮನ್ಯಾಗ ಇದ್ದಂಗ ಅಂತ ನಮ್ಮಾಕೀನೂ ಒಪ್ಪಿದಳು."

ಬಾಗಿಲ ಹಿಂದೆ ನಿಂತಿದ್ದ ರತ್ನಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಸಗೊಂಡಪ್ಪ ಒಂದು ಹಿತ್ತಾಳೆ ತಾಟನ್ನು ಮುಂದೆ ಸರಿಸಿದ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. "ಆದ್ರ ನಮ್ಮ ಪದ್ಧತಿ ನಿಮಗೂ ಗೊತ್ತದ. ಅಕ್ಕನ ಮಗಳ ಮ್ಯಾಲ ಮೊದಲ ಹಕ್ಕು ಸ್ವಾದರಮಾವಂದು. ಕಾಕಾ ಆಗಿದ್ರ ಈ ಮಾತ ಏಳ್ತಿದ್ದಿಲ್ಲ, ಕಾಕಾ ಅಂದ್ರ ತಂದೀ ತಮ್ಮ, ತಂದೀನ ಇದ್ದಂಗ. ನೀವು ಮಾವ. ಮ್ಯಾಲ ನಿಮಗ ಲಗ್ನ ಆಗಿಲ್ಲ. ಹುಡುಗೀನ ನಾ ಮಾಡ್ಕೋತೇನಿ ಅಂದ್ರ ನಾವು ಒಂಚೂರೂ ಸಿಟ್ಟಿಲ್ಲದ ಎದ್ದ ಹೋಗ್ತೇವಿ. ಬ್ಯಾಡಂದ್ರ ಈ ವೀಳ್ಯ ಹಿಡೀರಿ, ಹಕ್ಕ ಬಿಟ್ಟಂಗ ಆತು."

ಪಕ್ಕದ ಮನೆಯ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು.

ಅಂದಾನೆಪ್ಪನಿಗೆ ಹುಟ್ಟಿದಾಗಿನಿಂದ ಯಾರೂ ಇದನ್ನು ಕೇಳಿರಲಿಲ್ಲ. ನಿನಗೆ ಬೇಕೇನಪ್ಪ? ಒಂದು ಹೂಂ ಅಂದರೆ ಸಾಕು, ಪರಊರಿನ ಹಿರಿಯರೇ ಅವಳನ್ನು ಅವನಿಗೆ ಬಿಟ್ಟುಕೊಟ್ಟು ಎದ್ದು ಹೋಗುತ್ತಾರೆ. ಇಷ್ಟಕ್ಕೂ ಆ ದಿನ ಕೊಲ್ಲಾಪುರದ ಬಾಗಿಲಲ್ಲಿ ಕಾಕಾ ಎನ್ನಬಹುದಿತ್ತಲ್ಲ? ಮುದುಕಿ ಕಾಕಾನಿಗೂ ಬೀಗದ ಕೈ ಕೊಡುತ್ತಿದ್ದಳು. ರತ್ನಾಬಾಯಿಯನ್ನು ಅಕ್ಕ ಎಂದು ಕರೆದು ರೂಢಿ, ಅದಕ್ಕೇ ಬಾಯಿಗೆ ಮಾವ ಬಂತು ಎಂದು ಅವನು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಅದು ಶುದ್ಧ ಸುಳ್ಳು. ಕಾಕಾ ಎಂದಿದ್ದರೆ ಅವಳನ್ನು ಮದುವೆಯಾಗುವ ದಾರಿ ಎಂದೆಂದಿಗೂ ಮುಚ್ಚಿಹೋಗುತ್ತಿತ್ತು. ಮಾವ ಎಂದರೆ ಒಂದು ಸಂದು ತೆರೆದಿರುತ್ತದೆ. ಮರಾಠಿ ಮುದುಕಿಗೆ ತಿಳಿಯದ ಆ ಸಂದು ಈ ಸೀಮೆಯ ಪ್ರತಿ ಕೂಸಿಗೂ ಗೊತ್ತು. ಹಾಗಾದರೆ ಶೇವಂತಿಗೂ ಗೊತ್ತಿತ್ತು! ಈ ವಿಚಾರ ಅವನಿಗೆ ಹೊಳೆದದ್ದೇ ಈಗ.

"ಸ್ವಲ್ಪ ನೀರ ಕುಡದ ಬರ್ತೇನಿ," ಎಂದು ಎದ್ದ.

ಹಿತ್ತಲಲ್ಲಿ ಶೇವಂತಿ ನೀರೊಲೆಯ ಮುಂದೆ ಕೂತು ಸುಮ್ಮನೆ ಜೋಳದ ದಂಟು ಮುರಿಯುತ್ತಿದ್ದಳು. ಒಲೆಯಲ್ಲಿ ಉರಿಯಿರಲಿಲ್ಲ. ಅವನು ಬಂದದ್ದು ತಿಳಿದರೂ ತಲೆಯೆತ್ತಲಿಲ್ಲ.

"ಎಲ್ಲಾ ಕೇಳಿಸ್ತು," ಎಂದಳು. "ಏನ ಹೇಳ್ತೀರಿ?"

"ಚನಮಲ್ಲ ಛಲೋ ಹುಡುಗ."

"ಅದನ್ನ ನಾ ಕೇಳ್ಲಿಲ್ಲ. ಅವರು ನಿಮಗ ಒಂದ ಮಾತ ಕೇಳ್ಯಾರ. ಅದಕ್ಕ ಏನ ಹೇಳ್ತೀರಿ?"

"ನಿನಗ ಹೆಂಗ ಬೇಕ ಹಂಗ ಆಗ್ಲಿ."

ಶೇವಂತಿ ಕೈಯಲ್ಲಿದ್ದ ದಂಟನ್ನು ಬಿಸಾಡಿ ಎದ್ದು ನಿಂತಳು. ಕಣ್ಣು ಕೆಂಪಾಗಿದ್ದವು. "ಅದನ್ನೂ ನನ್ನ ಬಾಯಿಲೇ ಹೇಳಸ್ತೀರೇನು? ಕಂಪನಿ ಮಂದಿ ಮುಂದ ನನಗ ಏನ ಬೇಕು, ಏನ ಬ್ಯಾಡ, ಎಲ್ಲಾ ನೀವ ಹೇಳ್ತಿದ್ರಿ. ಇವತ್ತ ಒಂದ ಸಲ ನಿಮಗ ಏನ ಬೇಕು ಹೇಳ್ರಿ. ನಾ ಕೇಳ್ತೇನಿ. ಕೇಳಾಕ ನಿಂತೇನಿ."

ನಾಟಕದ ದನಿ, ನಿಜದ ದನಿ ಎಂದು ಕಣ್ಣು ಮುಚ್ಚಿ ಬೇರ್ಪಡಿಸುತ್ತಿದ್ದ ಕಿವಿ ಆ ಹೊತ್ತು ಕೈಕೊಟ್ಟಿತು. ಇವಳು ಮನಸ್ಸಿನಿಂದ ಕೇಳುತ್ತಿದ್ದಾಳೋ, ಋಣದ ಭಾರಕ್ಕೆ ಕೇಳುತ್ತಿದ್ದಾಳೋ? ನನಗೆ ನಲವತ್ತು ದಾಟಿತು, ಇವಳಿಗಿನ್ನೂ ಬಾಳು ಮುಂದಿದೆ. ಒಂದು ಸುಳ್ಳು ಹೇಳಿ ಸಿಕ್ಕ ಹಕ್ಕಿನಿಂದ ಇವಳನ್ನು ಹಿಡಿದಿಟ್ಟರೆ ನಾನು ಎಂಥವನಾದೆ? ಇವೆಲ್ಲ ದೊಡ್ಡ ದೊಡ್ಡ ವಿಚಾರಗಳು, ಕೇಳಲು ಚೆಂದ. ಅದರ ಕೆಳಗಿದ್ದದ್ದು ಹೆದರಿಕೆ, ಅಷ್ಟೇ. ಹೂಂ ಎಂದಾಗ ಅವಳ ಮುಖ ಬಾಡಿದರೆ ಏನು ಮಾಡುವುದೆಂಬ ಹೆದರಿಕೆ.

"ಹೊರಗ ಮಂದಿ ಕಾಯಾಕತ್ತಾರ," ಎಂದ.

ಮಂದಿ ಕಾಯುತ್ತಿದ್ದರಂತೆ! ಅಯ್ಯೋ ಅಂದಾನೆಪ್ಪಾ, ನಿನ್ನ ಬಾಯಿಗೆ ಮಣ್ಣು ಹಾಕ, ನಿನ್ನೆದುರಿಗೆ ನಿಂತವಳು ಏನು ಮಾಡುತ್ತಿದ್ದಳು?

ಶೇವಂತಿ ಅವನನ್ನೇ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, "ಹಂಗಾದ್ರ ಹೋಗ್ರಿ, ಪಾಪ, ಎಷ್ಟೊತ್ತ ಕಾಯ್ತಾರ," ಎಂದು ಒಲೆಗೆ ಬೆಂಕಿ ಹಚ್ಚಲು ಕೂತಳು.

ಅಂದಾನೆಪ್ಪ ಪಡಸಾಲೆಗೆ ಬಂದು, ಎರಡೂ ಕೈ ಚಾಚಿ ವೀಳ್ಯ ಹಿಡಿದ. ಹಿರಿಯರು ಒಟ್ಟಿಗೆ ಉಸಿರುಬಿಟ್ಟರು. "ದೊಡ್ಡ ಮನಸಿನವರ್ರೀ ನೀವು," ಎಂದು ಬಸಗೊಂಡಪ್ಪ ಅವನ ತೊಡೆ ತಟ್ಟಿದ. ಅಂದಾನೆಪ್ಪ ನಕ್ಕ. ಒಂದು ಎಲೆ ಮಡಿಚಿ ಬಾಯಿಗಿಟ್ಟುಕೊಂಡ.

ಬೀಗರು ಹೋದ ಮೇಲೆ ರತ್ನಾಬಾಯಿ ಅವನ ಎದುರಿಗೆ ಬಂದು ಕೂತಳು. ಬಹಳ ಹೊತ್ತು ಉಸಿರೆಳೆದುಕೊಂಡಳು, ಉಬ್ಬಸದ ಜೀವ.

"ಏನ ಮಾಡಿದಿ, ತಮ್ಮಾ?"

"ಛಲೋ ಮನಿತನ, ರತ್ನಕ್ಕ. ಹುಡುಗಿ ಸುಖದಿಂದ ಇರ್ತಾಳ."

"ಇರ್ತಾಳ, ನಾ ಇಲ್ಲಂದೆನೇನು? ಆದ್ರ ಆವತ್ತ ನೀ ಮಾವ ಅಂದಾಗ ನಾ ಯಾಕ ಸುಮ್ಮನ ನಿಂತೆ ಅಂತ ಮಾಡಿದಿ? ನಿನಗ ತಮ್ಮ ಅಂದ ಬಾಯಿಲೇ ಅಳಿಯಾ ಅನ್ನಾಕೂ ತಯಾರಿದ್ದೆ ನಾನು. ಒಂದ ವರ್ಷ ನೋಡಿದೆ, ಎರಡ ವರ್ಷ ನೋಡಿದೆ, ನೀ ಹೊಸ್ತಿಲದಾಗ ಕುಂತ ರೊಟ್ಟಿ ತಿಂದ ಎದ್ದ ಹೋಗ್ತೀಯಂತ ಅಕೀನ ಹೇಳ್ತಿದ್ದಳು. ಹೆಣ್ಣಹುಡುಗಿ ತಾನಾಗಿ ಹೆಂಗ ಕೇಳ್ಯಾಳು?"

ಈಗ ಏನು ಮಾಡಲೂ ಬರುವಂತಿರಲಿಲ್ಲ. ಹಿಡಿದ ವೀಳ್ಯ ತಿರುಗಿ ಕೊಟ್ಟರೆ ಕಾರಣ ಕೇಳುತ್ತಾರೆ, ನಾನು ಮಾವನೇ ಅಲ್ಲ ಎಂದು ನಿಜ ಹೇಳಿದರೆ ಇಷ್ಟು ವರ್ಷ ಯಾರೋ ಒಬ್ಬ ಗಂಡಸಿನ ಜೊತೆ ಇದ್ದವಳೆಂದು ಅವಳ ಮಾನ ಬೀದಿಗೆ ಬೀಳುತ್ತದೆ. ಅವಳನ್ನು ಕಾಯ್ದ ಸುಳ್ಳನ್ನು ಇನ್ನು ಸಾಯುವ ತನಕ ಅವನೇ ಕಾಯಬೇಕಾಗಿತ್ತು.

ಮದುವೆಯಲ್ಲಿ ಸೋದರಮಾವನ ಕೆಲಸಗಳನ್ನೆಲ್ಲ ಒಂದನ್ನೂ ಬಿಡದೆ ಮಾಡಿದ. ಸೀರೆ ತಂದ, ಕೈ ಹಿಡಿದು ಹಂದರಕ್ಕೆ ಕರೆತಂದ, ಅಕ್ಷತೆ ಬೀಳುವಾಗ ಬೆನ್ನ ಹಿಂದೆ ನಿಂತ. ಅವಳ ಕೈ ತಣ್ಣಗಿತ್ತು. ಅಷ್ಟು ವರ್ಷಗಳಲ್ಲಿ ಅವನು ಆ ಕೈ ಹಿಡಿದದ್ದು ಅದೇ ಮೊದಲು. ಓಣಿಯವರು ಗುಟ್ಟು ಬಿಟ್ಟುಕೊಡಲಿಲ್ಲ, ಬೀಗರ ಕಡೆಯ ಜನ, "ಮಾವ ಅಂದ್ರ ಹಿಂಗ ಇರಬೇಕು ನೋಡ್ರಿ," ಎಂದು ಮಾತಾಡಿಕೊಂಡರು. ಚನಮಲ್ಲ ಅವನ ಕಾಲು ಮುಟ್ಟಿ ನಮಸ್ಕರಿಸಿ, ಇನ್ನು ಸಿನೆಮಾ ಸಾಕು, ಮುಧೋಳದಲ್ಲಿ ಮೋಟಾರು ರಿಪೇರಿಯ ಅಂಗಡಿ ಹಾಕುತ್ತೇನೆ ಎಂದು ಹೇಳಿದ. ಅಂದಾನೆಪ್ಪ, ಒಳ್ಳೆಯದಾಯಿತು ಎಂದ.

ಮರುದಿನ ಬೀಗರನ್ನು ಕಳಿಸಲು ಓಣಿಯ ಜನವೆಲ್ಲ ಮೋಟಾರು ನಿಲ್ಲುವಲ್ಲಿಗೆ ಬಂದಿದ್ದರು. ಮೋಟಾರಿನವನು ಇದ್ದಿಲ ಒಲೆಗೆ ಗಾಳಿ ತಿರುವುತ್ತಿದ್ದ. ಗಂಟುಮೂಟೆ ಮೇಲೇರಿದವು, ಬಸಗೊಂಡಪ್ಪ ಎಲ್ಲರನ್ನೂ ಹತ್ತಿಸಿ ತಾನೂ ಹತ್ತಿದ. ಶೇವಂತಿ ತಾಯಿಯನ್ನು ತಬ್ಬಿ ಅತ್ತಳು, ನೆರೆಯವರಿಗೆಲ್ಲ ಹೇಳಿ ಬಂದಳು. ಕಡೆಗೆ ಅಂದಾನೆಪ್ಪ ನಿಂತಲ್ಲಿಗೆ ಬಂದು ಬಗ್ಗಿ ಅವನ ಕಾಲು ಮುಟ್ಟಿದಳು. ಎದ್ದು ನಿಂತಾಗ ಅಳು ನಿಂತಿತ್ತು. ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಬರ್ತೇನ್ರಿ, ಕಾಕಾ."

ಅಂದಾನೆಪ್ಪನ ಕೈ ತಾನಾಗಿ ಎದ್ದು ಅವಳ ತಲೆಯ ಮೇಲೆ ಕೂತಿತು.

"ಹೂಂ, ಅವ್ವಾ," ಎಂದ. "ಹೋಗಿ ಬಾ."